ಬರಿಗಲ್ಲು ಬೀಸಿದಾಕೆ

ದೇವದುರ್ಗದಾಕಿ ತೀರಿಕೊಂಡ ಸುದ್ದಿ ತಂದವರು "ಪಾಪ, ಬಡವಿ" ಎಂದರು. ಪಾಪವಂತೆ! ಬಡವಿಯೇನೋ ಹೌದು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಆಕೆಗೆ ಪಾಪ ಎಂಬ ಮಾತು ಹಚ್ಚಲು ಇವರಿಗೆ ಬಾಯಾದರೂ ಹೇಗೆ ಬಂತು? ಬದುಕಿದ್ದಾಗ ಎದುರಿಗೆ ನಿಂತು ಹಾಗೆ ಅಂದಿದ್ದರೆ, ಮರುದಿನ ನಸುಕಿನ ಬೀಸುಕಲ್ಲಿನ ಹಾಡಿನಲ್ಲಿ ಇವರ ಮನೆತನವೆಲ್ಲ ಹಿಟ್ಟಾಗಿ ಉದುರುತ್ತಿತ್ತು. ನಾನು ಅಳಲಿಲ್ಲ. ನನಗೆ ಸಿಟ್ಟು ಬಂತು, ಆ ಸಿಟ್ಟು ಇಳಿಯುವ ಮೊದಲೇ ಇದನ್ನು ಬರೆದುಬಿಡಬೇಕು.

ಆಕೆಯ ಹೆಸರು ನಾನು ಬರೆಯುವುದಿಲ್ಲ, ಏಕೆಂದರೆ ನನಗೆ ಗೊತ್ತಿಲ್ಲ. ನಮ್ಮ ಕಡೆ ಮದುವೆಯಾಗಿ ಬಂದ ಹುಡುಗಿಗೆ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ಅಕ್ಕಿ ಹರವಿದ ತಟ್ಟೆಯಲ್ಲಿ ಗಂಡ ಉಂಗುರದಿಂದ ಬರೆಯುತ್ತಾನೆ, ಅಲ್ಲಿಗೆ ಹುಟ್ಟಿದಾಗಿನ ಹೆಸರು ಮುಗಿಯಿತು. ನಾನು ಹೊಸದಾಗಿ ಪರಿಚಯವಾದಾಗ ಸಹಜವಾಗಿ ಕೇಳಿದ್ದೆ, "ನಿಮ್ಮ ಹೆಸರೇನ್ರಿ?" ಎಂದು.

"ತವರಿನಾಗ ಇಟ್ಟಿದ್ದು ನಿಮಗ್ಯಾಕವ್ವಾ? ಗಂಡನ ಮನ್ಯಾಗ ಇಟ್ಟಿದ್ದು ನನಗ ಬ್ಯಾಡ. ದೇವದುರ್ಗದಾಕಿ ಅನ್ರಿ, ಓ ಅಂತೀನಿ."

ಹಾಗೆ ಓಣಿಗೆಲ್ಲ ಆಕೆ ದೇವದುರ್ಗದಾಕಿಯಾಗಿಯೇ ಉಳಿದಳು.

ನಾನು ಮಲ್ಲಟದಿಂದ ಸೊಸೆಯಾಗಿ ರಾಯಚೂರಿಗೆ ಬಂದದ್ದು ಜರ್ಮನಿಯ ಯುದ್ಧ ನಡೆದಿದ್ದ ಕಾಲದಲ್ಲಿ. ಕೋಟೆಯ ಹೊರಗೆ, ಸ್ಟೇಷನ್ನಿಗೆ ಹೋಗುವ ದಾರಿಯಿಂದ ಒಳಗೆ ತಿರುಗಿದರೆ ನಮ್ಮ ಓಣಿ. ನಿಜಾಮರ ರಾಜ್ಯ, ಅಂಗಡಿಯ ಬೋರ್ಡು, ಕಚೇರಿಯ ಕಾಗದ, ಶಾಲೆಯ ಪಾಠ ಎಲ್ಲವೂ ಉರ್ದು. ನನ್ನ ಯಜಮಾನರು ಮಾಸ್ತರರು, ಅವರೂ ಉರ್ದುವಿನಲ್ಲೇ ಲೆಕ್ಕ ಹೇಳಿಕೊಡುತ್ತಿದ್ದರು. ಓಣಿಯ ದೊಡ್ಡ ಮನೆ ವಕೀಲರದು. ಅವರ ಹಿತ್ತಲ ಗೋಡೆಗೆ ಆತುಕೊಂಡ ಒಂದು ತಗ್ಗಿನ ಕೋಣೆಯಲ್ಲಿ ದೇವದುರ್ಗದಾಕಿ ಇದ್ದಳು. ಗಂಡ ಹತ್ತಿ ಗಿರಣಿಯಲ್ಲಿ ಬೇಲು ಹೊರುತ್ತಿದ್ದವನು, ಎಂದೋ ಜ್ವರ ಬಂದು ಸತ್ತಿದ್ದ. ಮಕ್ಕಳಿಲ್ಲ. ಇದ್ದದ್ದು ಒಂದು ಬೀಸುಕಲ್ಲು. ಓಣಿಯ ಮನೆಮನೆಯ ಜೋಳ ಬೀಸಿಕೊಡುವುದು, ಬೀಸಿದ್ದರಲ್ಲಿ ಒಂದು ಪಾಲು ಹಿಟ್ಟು ಇಟ್ಟುಕೊಳ್ಳುವುದು. ಅಷ್ಟೇ ಆಕೆಯ ಸಂಸಾರ.

ಆಳು ಕುಳ್ಳು, ತೋಳು ಮಾತ್ರ ಗಂಡಸಿನವು. ನಡೆಯುವಾಗ ಎದೆ ಮುಂದೆ ಮಾಡಿಕೊಂಡು ದಾರಿಯ ನಟ್ಟನಡುವೆ ನಡೆಯುತ್ತಿದ್ದಳು. ಟಾಂಗಾದವನು ಗಂಟೆ ಬಾರಿಸಿದರೂ ಪಕ್ಕಕ್ಕೆ ಸರಿಯುತ್ತಿರಲಿಲ್ಲ. "ಕುದುರಿಗಿ ಕಣ್ಣಿಲ್ಲೇನು?" ಎಂದು ಅವನಿಗೇ ಕೇಳುತ್ತಿದ್ದಳು. ಊಟದ ವಿಷಯದಲ್ಲಂತೂ ಯಾರ ಮುಲಾಜೂ ಇರಲಿಲ್ಲ. ಗಂಡ ಸತ್ತವಳು ಒಂದು ಹೊತ್ತು ಉಣ್ಣಬೇಕು, ಸಪ್ಪೆ ಉಣ್ಣಬೇಕು ಎಂದು ಹೇಳುವ ಮುದುಕಿಯರಿಗೆ ನಮ್ಮ ಓಣಿಯಲ್ಲಿ ಬರಗಾಲವಿರಲಿಲ್ಲ. ಆಕೆ ಅವರ ಕಟ್ಟೆಯ ಎದುರಿಗೇ ತನ್ನ ಬಾಗಿಲಲ್ಲಿ ಕಾಲು ಚಾಚಿ ಕೂತು, ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹೇರಿಕೊಂಡು, ಗುರೆಳ್ಳು ಪುಡಿಗೆ ಎಣ್ಣೆ ಸುರಿದುಕೊಂಡು, ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ಕಚಕಚ ತಿನ್ನುತ್ತಿದ್ದಳು.

ಒಮ್ಮೆ ಸಂತೆಯ ದಿನ ನನ್ನನ್ನೂ ಕರೆದುಕೊಂಡು ಹೋದಳು. ಬರುವಾಗ ಸ್ಟೇಷನ್ ಎದುರಿನ ಹೋಟೆಲಿನ ಮುಂದೆ ನಿಂತಳು. ಒಳಗಿನಿಂದ ಮಿರ್ಚಿ ಕರಿಯುವ ವಾಸನೆ ಬರುತ್ತಿತ್ತು. ಆಗ ಹೆಂಗಸರು ಹೋಟೆಲಿನ ಹೊಸ್ತಿಲು ತುಳಿಯುವ ಮಾತೇ ಇರಲಿಲ್ಲ. ತಿನ್ನುವ ಆಸೆಯಾದರೆ ಗಂಡಸರು ಎಲೆಯಲ್ಲಿ ಕಟ್ಟಿಸಿಕೊಂಡು ತರಬೇಕು, ಅದು ಮನೆ ಮುಟ್ಟುವಷ್ಟರಲ್ಲಿ ತಣ್ಣಗಾಗಿ ಮೆತ್ತಗಾಗಿರಬೇಕು. ಈಕೆ ಸೀದಾ ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು. ಹಮಾಲರು, ಗುಮಾಸ್ತರು, ರೇಲ್ವೆಯವರು ಎಲ್ಲರೂ ಬಾಯಿಗೆ ಹೊರಟ ಕೈಯನ್ನು ಅಲ್ಲೇ ನಿಲ್ಲಿಸಿ ನೋಡುತ್ತಿದ್ದರು.

"ಮಂಡಾಳ ಒಗ್ಗರಣಿ ಎರಡು ಪ್ಲೇಟ್ ತಾ. ಮಿರ್ಚಿ ಬಿಸಿ ಇರಲಿ" ಎಂದಳು.

ಹೋಟೆಲಿನವನು ತಲೆ ಕೆರೆದುಕೊಂಡ. "ಯವ್ವಾ, ಕಟ್ಟಿ ಕೊಡ್ತೀನಿ, ಮನಿಗೆ ಒಯ್ರಿ."

"ಯಾಕ? ನಿನ್ನ ಬೆಂಚಿಗಿ ನಾ ಭಾರ ಆಗೇನೇನು?"

ನಾನು ಸೆರಗು ಮುಖಕ್ಕೆಳೆದುಕೊಂಡು ಬಾಗಿಲಲ್ಲಿ ಸಾಯುತ್ತಿದ್ದೆ. ಆಕೆ ಕೈ ಹಿಡಿದು ಎಳೆದು ಕೂರಿಸಿದಳು. ತಿಂದೆ ನೋಡಿ! ಆ ಮಂಡಕ್ಕಿ ಒಗ್ಗರಣಿಯ ರುಚಿ, ಆ ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ಬಂದ ನೀರು ನನಗೆ ಈಗಲೂ ನೆನಪಿದೆ. ಮನೆಗೆ ಬಂದ ಮೇಲೆ ನಮ್ಮ ಅತ್ತೆಯ ಬಾಯಿಂದ ಬಂದದ್ದೂ ನೆನಪಿದೆ, ಅದನ್ನು ಬರೆಯುವುದು ಬೇಡ.

ಇನ್ನು ಆಕೆಯ ಹಾಡು. ಬೀಸುವ ಹಾಡೆಂದರೆ ದೇವರು, ಅಣ್ಣತಮ್ಮ, ತವರು, ಮಳೆಬೆಳೆ. ಎಲ್ಲ ಹೆಂಗಸರೂ ಹಾಡುತ್ತಿದ್ದದ್ದು ಅದನ್ನೇ. ಈಕೆಯೂ ಅಲ್ಲಿಂದಲೇ ಶುರುಮಾಡುತ್ತಿದ್ದಳು. ದೇವಸುಗೂರಿನ ಸೂಗೂರಪ್ಪನಿಗೆ ಒಂದು ನುಡಿ, ಕೃಷ್ಣೆಗೆ ಒಂದು ನುಡಿ ಆಗುತ್ತಿದ್ದ ಹಾಗೆ ಹಾಡು ಓಣಿಯೊಳಗೆ ಕಾಲಿಡುತ್ತಿತ್ತು. ಹಾಸಿಗೆಯಲ್ಲಿ ಮಲಗಿದ್ದವರೆಲ್ಲ ಎಚ್ಚರಾಗಿ, ಇವತ್ತು ಯಾರ ಪಾಳಿಯೋ ಎಂದು ಕಿವಿ ಕೊಡುತ್ತಿದ್ದರು. ಹಾಲಿನವನು ಬೇಸಿಗೆಯಲ್ಲಿ ನೀರು ಬೆರೆಸುವುದು ಎಲ್ಲರಿಗೂ ಗೊತ್ತಿತ್ತು, ಹೇಳುವವರು ಯಾರೂ ಇರಲಿಲ್ಲ. ಒಂದು ನಸುಕಿನಲ್ಲಿ ಕೇಳಿತು:

ಹಾಲು ಬಂದೀತಂತ ಹಿಗ್ಗಬ್ಯಾಡ ಗೆಳತೆವ್ವ
ಬಾವಿಯು ಬತ್ತಿ ಬರಿದಾಗಿ, ನಮ್ಮೋಣಿ
ಹಾಲಿನ ಚರಿಗಿ ತುಳುಕ್ಯಾವ.

ಅವತ್ತು ಹಾಲಿನವನು ಓಣಿಗೇ ಬರಲಿಲ್ಲ. ಮರುದಿನ ಬಂದಾಗ ಹಾಲು ಮಂದವಾಗಿತ್ತು. ನಮ್ಮ ಮನೆಯ ಪಾಳಿಯೂ ಬಂತು. ಯಜಮಾನರು ಹಿಂದಿನ ಸಂಜೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನ ಮೇಲೆ ಕೂಗಾಡಿದ್ದರು. ಬೆಳಗಾಗುವ ಮೊದಲೇ ಅವರಿಗೆ ಸನ್ಮಾನವಾಯಿತು:

ಶಾಲ್ಯಾಗ ಉರ್ದೂವ ಮನಿಯಾಗ ಸಿಡಿಗುಂಡ
ಮಾಸ್ತರ ನಾಲಿಗಿ ಎರಡವ್ವ, ಹೆಣ್ತೀಯು
ಯಾವುದಕ ಹೂಂ ಅಂದು ಬದುಕ್ಯಾಳ.

ಯಜಮಾನರು ಹೊದಿಕೆ ತಲೆಯ ಮೇಲೆ ಎಳೆದುಕೊಂಡರು. ನಾನು ಅಡಿಗೆಮನೆಗೆ ಓಡಿ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಆಮೇಲೆ ಉಪ್ಪಿನ ಮಾತು ಮನೆಯಲ್ಲಿ ಮೆತ್ತಗಾಯಿತು. "ಯಾಕ್ರಿ ಹಿಂಗ ಎಲ್ಲಾರನೂ ಹಾಡ್ತೀರಿ? ಒಂದಿನ ಯಾರರ ಬಡಿತಾರ" ಎಂದು ನಾನೇ ಆಕೆಗೆ ಹೇಳಿದ್ದೆ.

"ನಾ ಎಲ್ಲಿ ಹಾಡ್ತೀನಿ ಬೇ? ಕಲ್ಲು ಹಾಡ್ತದ. ಬಡಿಯೋದಿದ್ರ ಕಲ್ಲಿಗಿ ಬಡೀಲಿ, ಕೈ ನೋಯ್ತದ ಅವರದ."

ಇಷ್ಟೆಲ್ಲ ಓಣಿ ಸಹಿಸಿತು, ನಕ್ಕಿತು. ವಕೀಲರ ಮನೆಯ ಬಾಗಿಲಿಗೆ ಹಾಡು ಬಂದಾಗ ಮಾತ್ರ ನಗು ನಿಂತಿತು.

ವಕೀಲರ ಸೊಸೆ ಮಾನ್ವಿಯವಳು. ನನಗಿಂತ ಸಣ್ಣವಳು, ಮಾತು ಕಡಿಮೆ. ಮದುವೆ ಮಾನ್ವಿಯಲ್ಲಿ ಆಗಿತ್ತು. ಅಲ್ಲಿ ನಡೆದದ್ದು ಇಷ್ಟೇ: ಊಟದ ಕಡೆಯ ಪಂಕ್ತಿಗೆ ವಕೀಲಮ್ಮನ ಅಣ್ಣ, ಅಂದರೆ ಮದುಮಗನ ಸೋದರಮಾವ ಕೂತಿದ್ದಾನೆ. ಅಷ್ಟರಲ್ಲಿ ಹೋಳಿಗೆ ಮುಗಿದುಹೋಗಿದೆ. ಹುಡುಗಿಯ ತಾಯಿ ಗಾಬರಿಯಾಗಿ ಒಂದಿಷ್ಟು ರವೆಯ ಸಜ್ಜಕ ಕಾಸಿ ತುಪ್ಪ ಹಾಕಿ ಬಡಿಸಿದ್ದಾಳೆ. ಸೋದರಮಾವ ಎಲೆಯ ಮುಂದಿನಿಂದ ಎದ್ದು ಹೋದ. ಅಷ್ಟಕ್ಕೆ ವಕೀಲಮ್ಮ ಅಲ್ಲೇ ಮಂಟಪದಲ್ಲಿ ಶಪಥ ಮಾಡಿದ್ದಳಂತೆ, ಈ ಹುಡುಗಿಗೆ ಮತ್ತೆ ಮಾನ್ವಿಯ ಮುಖ ತೋರಿಸುವುದಿಲ್ಲ ಎಂದು. ಸಿಟ್ಟಿನಲ್ಲಿ ಆಡಿದ ಮಾತು, ನಾಲ್ಕು ಹಬ್ಬ ಕಳೆದರೆ ಮರೆಯುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ವಕೀಲಮ್ಮ ಮರೆಯುವ ಪೈಕಿ ಅಲ್ಲ. ಪಂಚಮಿಗೆ ಕಳಿಸಲಿಲ್ಲ, ದೀಪಾವಳಿಗೆ ಕಳಿಸಲಿಲ್ಲ. ಈಗ ಹುಡುಗಿ ಬಸುರಿ.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಇದು ಹೆಣ್ಣುಮಕ್ಕಳು ಯಾರನ್ನೂ ಬೇಡಿ ಪಡೆಯುವುದಲ್ಲ. ಬಡವರ ಮನೆಯಲ್ಲೂ ಕಳಿಸುತ್ತಾರೆ, ಜಗಳವಿದ್ದ ಮನೆಯಲ್ಲೂ ಕಳಿಸುತ್ತಾರೆ. ಹುಡುಗಿಯ ಅಣ್ಣ ಬಸುರಿಗೆ ಉಡಿಸುವ ಕುಬುಸದ ಸೀರೆ, ಬಳೆ, ಬುಟ್ಟಿ ತುಂಬ ತಿಂಡಿ ಹೊತ್ತುಕೊಂಡು ಮಾನ್ವಿಯಿಂದ ಬಂದ. ಕುಬುಸ ಮಾಡಿ ತಂಗಿಯನ್ನು ಕರೆದೊಯ್ಯಲು ಬಂದವನನ್ನು ವಕೀಲಮ್ಮ ಕಟ್ಟೆಯ ಮೇಲೆಯೇ ಕೂರಿಸಿದಳು. ಒಳಗೆ ಕರೆಯಲಿಲ್ಲ, ನೀರು ಕೊಡಲಿಲ್ಲ.

"ನಮ್ಮ ಅಣ್ಣ ನಿಮ್ಮ ಮನ್ಯಾಗ ಹಸಿದು ಎದ್ದಾನ. ನೀವೂ ಹಂಗ ಹೋಗ್ರಿ. ಬಾಣಂತನ ನಾವ ಮಾಡ್ತೀವಿ" ಎಂದು ಬಾಗಿಲು ಹಾಕಿಕೊಂಡಳು. ವಕೀಲರು ಒಳಗೆ ಕಾಗದ ನೋಡುತ್ತಿದ್ದರು, ಮಗ ಅವರ ಪಕ್ಕದಲ್ಲಿದ್ದ, ಇಬ್ಬರೂ ತಲೆ ಎತ್ತಲಿಲ್ಲ.

ಆ ಅಣ್ಣ ಬುಟ್ಟಿ ಎತ್ತಿಕೊಂಡು ತಲೆ ತಗ್ಗಿಸಿ ಹೊರಟಾಗ ದೇವದುರ್ಗದಾಕಿ ಓಣಿಯ ನಡುವೆ ಅಡ್ಡ ನಿಂತು ತನ್ನ ಕೋಣೆಗೆ ಕರೆದಳು. ನೀರು ಕೊಟ್ಟಳು, ರೊಟ್ಟಿ ಬಡಿದು ಹಾಕಿದಳು. ಅವನು ತಿನ್ನುತ್ತ ಅತ್ತನಂತೆ. "ನಮ್ಮವ್ವ ಬಾಗಲ ಬಿಟ್ಟು ಏಳವಲ್ಲಳು. ನಾ ಏನಂತ ಹೇಳಲಿ ಹೋಗಿ?" ಎಂದು ಕೇಳಿದನಂತೆ.

"ಮಗಳು ಬರ್ತಾಳ ಅನ್ನು" ಎಂದಳಂತೆ ಈಕೆ. ಯಾರು ಕಳಿಸುತ್ತಾರೆ, ಯಾವಾಗ, ಹೇಗೆ ಎಂದು ಏನೂ ಹೇಳಲಿಲ್ಲ. ಆಗ ಆಕೆಗೂ ಗೊತ್ತಿರಲಿಕ್ಕಿಲ್ಲ. ಮರುದಿನ ನಸುಕಿನಲ್ಲಿ ಮಾತ್ರ ಹಾಡು ಕೇಳಿತು:

ಹೋಳಿಗಿ ತಪ್ಪೀತು ಮಾವನ ಎಲಿಯಾಗ
ಹಾದಿಯು ತಪ್ಪೀತು ಮಗಳೀಗೆ, ಮಾನ್ವೀಯ
ತವರಿನ ದೀಪ ಕಾದಾವ.

ದಿನಾ ಅದೇ ಹಾಡು, ದಿನಾ ಒಂದು ಹೊಸ ನುಡಿ. ತಾಯಿ ಹಂಡೆ ತೊಳೆದಿಟ್ಟದ್ದು, ತೊಟ್ಟಿಲು ಇಳಿಸಿದ್ದು, ಅಣ್ಣ ಕಟ್ಟೆಯಿಂದ ಎದ್ದು ಹೋದದ್ದು. ನೀರಿನ ಬಾವಿಯ ಹತ್ತಿರ ಹೆಂಗಸರೆಲ್ಲ ಬಾಯಿಪಾಠ ಹೇಳತೊಡಗಿದರು. ವಕೀಲಮ್ಮ ತಾನೇ ಕೋಣೆಯ ಬಾಗಿಲಿಗೆ ಬಂದು ನಿಂತಳು. ನಾನು ಹಿಟ್ಟು ಒಯ್ಯಲು ಬಂದವಳು ಅಲ್ಲೇ ಇದ್ದೆ.

"ನನ್ನ ಕೋಣ್ಯಾಗ ಇದ್ದು ನನ್ನ ಮಾನ ಕಳೀತಿ? ನಾಳಿಂದ ಈ ಹಾಡು ಕೇಳಬಾರದು."

"ನಿಮ್ಮ ಅಣ್ಣನ ಎಲಿ ಬರೇದಾತಂತ ನಿಮ್ಮ ಹೊಟ್ಟಿ ಉರೀತದ್ರಿ. ನಾ ತಪ್ಪ ಅನ್ನಂಗಿಲ್ಲ. ತವರ ಅಂದ್ರ ಹಂಗ. ಆ ಕೂಸಿಗೂ ತವರ ಅದರಿ" ಎಂದಳು ದೇವದುರ್ಗದಾಕಿ, ಕಲ್ಲು ನಿಲ್ಲಿಸದೆ.

"ನನಗ ಬುದ್ಧಿ ಹೇಳತಿ? ನೋಡ್ತೀನಿ ಏನು ಬೀಸ್ತಿ ಅಂತ!"

ವಕೀಲಮ್ಮ ನೋಡಿಯೇ ಬಿಟ್ಟಳು. ಗಂಜ್ ಮಾರುಕಟ್ಟೆಯ ಹತ್ತಿರ ಆಗಷ್ಟೇ ಇಂಜಿನ್ನಿನ ಹಿಟ್ಟಿನ ಗಿರಣಿ ಶುರುವಾಗಿತ್ತು. ಅದರ ಹಿಟ್ಟು ಸುಡುತ್ತದೆ, ರೊಟ್ಟಿ ಬಡಿಯುವಾಗ ಹರಿಯುತ್ತದೆ ಎಂದು ನಮ್ಮ ಓಣಿಯವರು ಅತ್ತ ಹೋಗುತ್ತಿರಲಿಲ್ಲ. ಈಗ ವಕೀಲಮ್ಮನ ಆಳು ಮನೆಮನೆಗೆ ಬಂದು ಜೋಳದ ಚೀಲ ಎತ್ತಿಕೊಂಡು ಹೋಗಿ ಗಿರಣಿಯಲ್ಲಿ ಹಾಕಿಸಿಕೊಂಡು ಬರತೊಡಗಿದ. ಬೇಡವೆನ್ನುವವರು ಯಾರು? ಒಬ್ಬರ ಹೊಲದ ಖಟ್ಲೆ ವಕೀಲರ ಕೈಯಲ್ಲಿ, ಇನ್ನೊಬ್ಬರ ಮಗನ ನೌಕರಿಗೆ ವಕೀಲರ ಚೀಟಿ ಬೇಕು. ನಮ್ಮ ಅತ್ತೆಯೂ ಚೀಲ ಕೊಟ್ಟರು. ನಾನು ಬೇಡ ಎಂದೆ, ನನ್ನ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಆಕೆಯ ಕೋಣೆಯಲ್ಲಿ ಒಂದು ಕಾಳು ಜೋಳವಿಲ್ಲ. ಬೆಳಗಿನ ಹಾಡು ನಿಂತಿತು. ಓಣಿಗೆ ಸಾವಾದಂತೆ ಆಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಬೀಸುಕಲ್ಲನ್ನು ಕಾಳಿಲ್ಲದೆ ತಿರುವುವುದಿಲ್ಲ. ಬರಿಗಲ್ಲು ತಿರುಗಿದರೆ ಮನೆ ಬರಿದಾಗುತ್ತದೆ, ಸಪ್ಪಳ ಕೇಳಿದ ಮನೆಯ ಕಣಜ ಬರಿದಾಗುತ್ತದೆ, ಒಡಲೂ ಬರಿದಾಗುತ್ತದೆ ಎಂದು ನಂಬಿಕೆ. ಆಟಕ್ಕೆ ತಿರುವಿದ ಮಕ್ಕಳ ಬೆನ್ನ ಮೇಲೆ ಗುದ್ದು ಬೀಳುತ್ತಿತ್ತು. ಬೀಸಿ ಮುಗಿಸಿ ಏಳುವಾಗಲೂ ಕಲ್ಲಿನ ಬಾಯಲ್ಲಿ ನಾಲ್ಕು ಕಾಳು ಉಳಿಸಿ ಏಳುತ್ತಿದ್ದೆವು. ವಕೀಲಮ್ಮ ಎಲ್ಲ ಲೆಕ್ಕ ಹಾಕಿ ಓಣಿಯ ಕಾಳು ತಪ್ಪಿಸಿದ್ದಳು. ಆ ಕಲ್ಲು ತನ್ನ ಮನೆಯ ಗೋಡೆಗೇ ಹತ್ತಿಕೊಂಡಿದೆ, ಗೋಡೆಯ ಈಚೆ ಬಸುರಿ ಸೊಸೆ ಮಲಗುತ್ತಾಳೆ ಎಂಬುದನ್ನು ಮಾತ್ರ ಮರೆತಿದ್ದಳು.

ಒಂದು ಮುಂಜಾನೆ ಗರಗರ ಎಂಬ ಸಪ್ಪಳ ಕೇಳಿ ನಾನು ಎದ್ದು ಕೂತೆ. ಹಿಟ್ಟು ಬೀಸುವ ಸಪ್ಪಳ ಮೆತ್ತಗಿರುತ್ತದೆ. ಇದು ಕಲ್ಲು ಕಲ್ಲನ್ನು ಕಚ್ಚುವ ಸಪ್ಪಳ, ಹಲ್ಲಿಗೆಲ್ಲ ಜುಮ್ಮೆನ್ನುವಂಥದು. ನಮ್ಮ ಅತ್ತೆ ಅಂಗಳಕ್ಕೆ ಓಡಿ ಬಂದು "ಶಿವನೇ, ಬರಿಗಲ್ಲು ತಿರುವಾಕತ್ತಾಳ! ಹಾಳಾದಳು, ನಮ್ಮನ್ನೂ ಹಾಳು ಮಾಡ್ತಾಳ!" ಎಂದು ಎದೆ ಬಡಿದುಕೊಂಡರು. ಓಣಿಗೆ ಓಣಿಯೇ ಹೊರಗೆ ಬಂತು. ದೇವದುರ್ಗದಾಕಿ ಬಾಗಿಲು ತೆರೆದಿಟ್ಟುಕೊಂಡು, ಗೂಟ ಹಿಡಿದು, ಹಾಡಿಲ್ಲದೆ ಮಾತಿಲ್ಲದೆ ಬೀಸುತ್ತಿದ್ದಳು. ಕಲ್ಲಿನ ಸುತ್ತ ಹಿಟ್ಟಿನ ಬದಲು ಬೂದು ಬಣ್ಣದ ಪುಡಿ ಉದುರುತ್ತಿತ್ತು. ಆಕೆ ತನ್ನ ಅನ್ನದ ಕಲ್ಲನ್ನೇ ಸವೆಸುತ್ತಿದ್ದಳು. ಹೀಗೆ ಇನ್ನಷ್ಟು ದಿನ ಬೀಸಿದರೆ ಆ ಕಲ್ಲು ಯಾವ ಕೆಲಸಕ್ಕೂ ಬಾರದು ಎಂಬುದು ಅಲ್ಲಿ ನಿಂತ ಎಲ್ಲ ಹೆಂಗಸರಿಗೂ ಗೊತ್ತಿತ್ತು.

ಮೊದಲು ಓಡಿ ಬಂದವರು ನಮ್ಮ ಅತ್ತೆಯೇ, ಮೊರದಲ್ಲಿ ಜೋಳ ತುಂಬಿಕೊಂಡು. "ತಗೋ ಮಾರಾಯ್ತಿ, ಹಾಕ್ಕೋ, ಬೀಸು!"

"ಬ್ಯಾಡ್ರಿ. ಗಿರಣಿಗಿ ಕೊಟ್ಟೀರಲ್ಲ, ಅಲ್ಲೇ ಕೊಡ್ರಿ."

ಒಬ್ಬೊಬ್ಬರೇ ತಂದರು. ಒಬ್ಬರ ಕಾಳನ್ನೂ ಮುಟ್ಟಲಿಲ್ಲ. ಕಾಳು ಕೊಡಬಾರದೆಂದು ಕಟ್ಟು ಮಾಡಿದ್ದ ವಕೀಲಮ್ಮನ ಆಳೇ ಒಂದು ಬುಟ್ಟಿ ತಂದು ಕಲ್ಲಿನ ಬಾಯಿಗೆ ಸುರಿಯಲು ಹೋದ. ಆಕೆ ಅಂಗೈ ಅಡ್ಡ ಹಿಡಿದಳು.

ಆಮೇಲೆ ವಕೀಲರು ಬಂದರು. ಕೋಟು ಟೊಪ್ಪಿಗೆ ಹಾಕಿಕೊಂಡು, ಅದಾಲತ್ತಿಗೆ ಹೊರಟ ಹಾಗೆ.

"ಏನಿದು ನಿನ್ನ ಗಡಿಬಿಡಿ? ಕಾಳಿಲ್ಲದ ಯಾರರ ಬೀಸ್ತಾರ?"

"ಕಾಳು ಕೊಡಬ್ಯಾಡ ಅಂತ ನಿಮ್ಮ ಮನಿಯಿಂದ ಹುಕುಂ ಆಗೇದರಿ ಸಾಹೇಬ್ರ. ಕಲ್ಲು ತಿರುವಬ್ಯಾಡ ಅಂತ ಹುಕುಂ ಇನ್ನೂ ಬಂದಿಲ್ರಿ."

"ಪೊಲೀಸರಿಗೆ ಹಿಡಿದು ಕೊಡ್ತೀನಿ!"

"ಕೊಡ್ರಿ. ಕೇಸಿನಾಗ ಏನಂತ ಬರಸ್ತೀರಿ? ಬೀಸುಕಲ್ಲಿಗಿ ವಕೀಲರ ಮನಿ ಅಂಜೇದ ಅನ್ನೋದಕ್ಕ ಉರ್ದುದಾಗ ಏನಂತಾರ? ಮಾಸ್ತರ, ನಿಮಗ ಗೊತ್ತೇನ್ರಿ?"

ನನ್ನ ಯಜಮಾನರು ಗುಂಪಿನ ಹಿಂದೆ ನಿಂತಿದ್ದವರು ಕೆಮ್ಮಿದರು. ಯಾರೋ ಕಿಸಕ್ಕೆಂದು ನಕ್ಕರು. ಕಾನೂನಿನ ಪುಸ್ತಕವೆಲ್ಲ ತಲೆಯಲ್ಲಿಟ್ಟುಕೊಂಡಿದ್ದ ವಕೀಲರಿಗೆ ಇದಕ್ಕೆ ಯಾವ ದಫಾ ಹಚ್ಚಬೇಕೆಂದು ತಿಳಿಯಲಿಲ್ಲ. ಟಾಂಗಾ ಹತ್ತಿ ಹೋಗಿಬಿಟ್ಟರು.

ಮರುದಿನವೂ ಬರಿಗಲ್ಲು, ಅದರ ಮರುದಿನವೂ. ನನಗೇ ತಡೆಯಲಾಗಲಿಲ್ಲ. "ಆ ಹುಡುಗಿ ಬಸರ ಅದಾಳ್ರಿ. ಆಕಿ ಸಲುವಾಗಿ ಹೊಂಟು ಆಕಿಗೇ ಕೇಡ ಮಾಡ್ತೀರೇನು?" ಎಂದು ಜಗಳ ತೆಗೆದೆ.

ಆಕೆ ಗೂಟ ಬಿಟ್ಟು ಅಂಗೈ ನೋಡಿಕೊಂಡಳು. ಬೊಕ್ಕೆ ಎದ್ದು ಒಡೆದಿದ್ದವು. "ಸಪ್ಪಳಕ್ಕ ಕೂಸು ಸಾಯಂಗಿಲ್ಲ. ಸಾಯ್ತದ ಅಂತ ಅವರು ನಂಬ್ಯಾರ, ನಾ ನಂಬಿಲ್ಲ. ಆದ್ರೂ ಹೋಗಿ ಆಕೀನ್ನ ಕೇಳು. ನಿಲ್ಲಸು ಅಂದ್ರ ಈಗ ನಿಲ್ಲಸ್ತೀನಿ."

ಬಾವಿಯ ಹತ್ತಿರ ಹುಡುಗಿ ಒಬ್ಬಳೇ ಸಿಕ್ಕಳು. ಕೇಳಿದೆ. ಕೊಡ ಕೆಳಗಿಟ್ಟು, ಆ ಕಡೆ ಈ ಕಡೆ ನೋಡಿ, ನನ್ನ ಕೈ ಹಿಡಿದು ಹೇಳಿದಳು: "ನಿಲ್ಲಸಬ್ಯಾಡ ಅನ್ರಿ ಅಕ್ಕಾ. ಗೋಡಿಗಿ ಕಿವಿ ಕೊಟ್ಟು ಮಲಗ್ತೀನಿ ನಾ. ನನ್ನ ಕಡೆಯವರು ಒಬ್ಬರು ಅದಾರ ಅನಸ್ತದ."

ಇದನ್ನು ಹೋಗಿ ಹೇಳಿದಾಗ ದೇವದುರ್ಗದಾಕಿ ಅಂಗೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಕೂತಳು.

ಕಡೆಗೆ ವಕೀಲಮ್ಮ ಬಂದಳು. ಮುಖ ಬಾಡಿತ್ತು, ನಿದ್ದೆಯಿಲ್ಲದ ಕಣ್ಣು. ಮೊಮ್ಮಗುವಿನ ಆಸೆ ಆಕೆಗೂ ಇತ್ತಲ್ಲ, ಅದು ಸುಳ್ಳಲ್ಲ.

"ಮನ್ಯಾಗ ಬಸರ ಹೆಂಗಸು ಅದಾಳ. ನಿನಗ ದೇವರ ಅಂಜಿಕಿ ಇಲ್ಲೇನ?"

"ಅದಾಳಂತ ನನಗೂ ಗೊತ್ತದರಿ. ಈ ಸಪ್ಪಳ ಕೇಳದಂಥ ಊರಿಗಿ ಕಳಸಿಬಿಡ್ರಿ."

"ಯಾವ ಊರಿಗಿ ಕಳಸಲಿ?"

"ಮಾನ್ವಿ ತನಕ ಕೇಳಂಗಿಲ್ರಿ."

ವಕೀಲಮ್ಮ ತನ್ನ ಮನೆಯ ಗೋಡೆಯ ಕಡೆ ನೋಡಿದಳು. ಓಣಿಯ ಅರ್ಧ ಹೆಂಗಸರು ಅಲ್ಲೇ ಇದ್ದೆವು. "ಕಳಸ್ತೀನಿ" ಎಂದಳು ಕಡೆಗೆ. "ಆಕಿ ಗಾಡಿ ಹತ್ತಿದ ದಿನ ನೀನೂ ಈ ಕೋಣಿ ಬಿಡು."

"ಬಿಡ್ತೀನ್ರಿ. ಆಕಿ ಗಾಡಿ ಹತ್ತಲಿ" ಎಂದು ಆಕೆ ಕಲ್ಲು ನಿಲ್ಲಿಸಿದಳು.

ಆಮೇಲೆ ಆಕೆ ನಮ್ಮ ಹಿತ್ತಲಿಗೆ ಬಂದು ಇದ್ದದ್ದು, ಎದೆ ಬಡಿದುಕೊಂಡಿದ್ದ ನಮ್ಮ ಅತ್ತೆಯೇ ಕರೆದು ಇಟ್ಟುಕೊಂಡದ್ದು, ಆಕೆ ತನ್ನ ಊರಿಗೆ ಹೋಗುವ ತನಕ ಇಬ್ಬರೂ ದಿನಾ ಜಗಳಾಡಿದ್ದು, ಅದೇ ಒಂದು ದೊಡ್ಡ ಪುರಾಣ. ಈಗ ಬೇಡ. ಗಾಡಿ ಬಂದ ದಿನವನ್ನು ಹೇಳಿ ಮುಗಿಸುತ್ತೇನೆ.

ಅಣ್ಣ ಕಮಾನು ಗಾಡಿ ಕಟ್ಟಿಕೊಂಡು, ಒಳಗೆ ಮೆತ್ತಗೆ ಹುಲ್ಲು, ಅದರ ಮೇಲೆ ಕೌದಿ ಹಾಸಿಕೊಂಡು ಬಂದಿದ್ದ. ಈ ಸಲ ವಕೀಲಮ್ಮ ಅವನಿಗೆ ನೀರು ಕೊಟ್ಟಳು. ಸೊಸೆಯನ್ನು ಮಣೆಯ ಮೇಲೆ ನಿಲ್ಲಿಸಿ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ. ಮುಖ ಗಂಟು ಹಾಕಿಕೊಂಡಾದರೂ ರೀತಿಯಂತೆ ಎಲ್ಲ ಮಾಡಿದಳು. ಹುಡುಗಿ ಅತ್ತೆ ಮಾವನ ಕಾಲಿಗೆ ಬಿದ್ದಳು, ಗಂಡನ ಕಡೆ ಒಮ್ಮೆ ನೋಡಿದಳು, ಹೊರಗೆ ಬಂದಳು. ನಾವೆಲ್ಲ ಗಾಡಿಯ ಸುತ್ತ ನೆರೆದಿದ್ದೆವು. ಹುಡುಗಿ ಗಾಡಿಯ ಕಡೆ ಬರದೆ ಮನೆಯ ಗೋಡೆ ಬಳಸಿ ಆ ತಗ್ಗಿನ ಕೋಣೆಯ ಕಡೆ ನಡೆದಳು.

ದೇವದುರ್ಗದಾಕಿ ತನ್ನ ಗಂಟು ಕಟ್ಟಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಹುಡುಗಿ ಅವಳ ಮುಂದೆ ನಿಂತು, ತುಂಬಿದ ಉಡಿಯ ಮೇಲೆಯೇ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಒಡ್ಡಿದಳು.

"ತುಂಬ್ರಿ" ಎಂದಳು.

ಗಂಡ ಸತ್ತವಳ ಕೈಯಿಂದ ಉಡಿ ತುಂಬಿಸಿಕೊಳ್ಳುವುದೆಂದರೇನು! ಅದೂ ಬಸುರಿ, ಅದೂ ಹೊರಟು ನಿಂತಾಗ. ವಕೀಲರಿಗೆ ಅಂಜದ, ಪೊಲೀಸರಿಗೆ ಅಂಜದ ದೇವದುರ್ಗದಾಕಿ ಅವತ್ತು ಹಿಂದೆ ಸರಿದಳು. ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡಳು.

"ಬ್ಯಾಡ ಕೂಸ. ನಾ ತುಂಬಬಾರದು. ನಾ ಗಂಡ ಸತ್ತಾ... ಹೋಗು, ಗಾಡಿ ಹತ್ತು, ಹೊತ್ತಾಗ್ತದ."

"ಬರಿಗಲ್ಲು ಬೀಸಿದ್ರಿ, ನನಗ ಏನೂ ಆಗಲಿಲ್ಲ. ಉಡಿ ತುಂಬಿದ್ರ ಏನ ಆಗ್ತದ?" ಹುಡುಗಿ ಒಡ್ಡಿದ ಕೈ ಕೆಳಗಿಳಿಸಲಿಲ್ಲ. "ನೀವು ತುಂಬೋತನಕ ನಾ ಗಾಡಿ ಹತ್ತಂಗಿಲ್ಲ."

"ನನ್ನ ಕಡೆ ಏನೂ ಇಲ್ಲಬೇ ತಂಗಿ. ಮನ್ಯಾಗ ಒಂದು ಕಾಳಿಲ್ಲ" ಎಂದಳು ಆಕೆ. ಆಕೆಯ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ನನಗೆ ಮೈ ಉರಿಯಿತು. ಆ ಕೋಣೆಯಲ್ಲಿ ಒಂದು ಕಾಳಿಲ್ಲದಂತೆ ಮಾಡಿದವರು ನಾವೇ ಅಲ್ಲವೇ, ಅಲ್ಲಿ ನಿಂತವರೆಲ್ಲ? ಅತ್ತೆಯ ಕಡೆ ನೋಡದೆ ಮನೆಗೆ ಓಡಿದೆ, ಮೊರ ತುಂಬ ಜೋಳ ಎತ್ತಿಕೊಂಡು ಬಂದು ಆಕೆಯ ಮುಂದೆ ಹಿಡಿದೆ. ಹಿಂದಿನಿಂದ ಇನ್ನೊಂದು ಮೊರ ಬಂತು, ಮತ್ತೊಂದು ಬುಟ್ಟಿ ಬಂತು. ನಮ್ಮ ಅತ್ತೆಯೇ "ತುಂಬಬೇ, ಯಾಕ ನಿಂತಿ? ಹುಡುಗಿ ಕೈ ನೋಯ್ತಾವ" ಎಂದು ಗದರಿದರು. ದೇವದುರ್ಗದಾಕಿ ಬಟ್ಟೆ ಸುತ್ತಿದ ಕೈಗಳನ್ನು ಮುಂದೆ ತಂದು ಬೊಗಸೆ ತುಂಬ ಜೋಳ ಎತ್ತಿ ಹುಡುಗಿಯ ಸೆರಗಿಗೆ ಹಾಕಿದಳು. ಒಂದು ಬೊಗಸೆ, ಮತ್ತೊಂದು ಬೊಗಸೆ. ಹಾಕುತ್ತ ಹಾಕುತ್ತ ಅಳುತ್ತಿದ್ದಳು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ವಕೀಲಮ್ಮ ಕಟ್ಟೆಯ ಮೇಲಿನಿಂದ ಕೂಗಿದಳು. "ಗಂಡ ಸತ್ತಾಕಿ ಕೈಯಾಗಿನ ಜೋಳ! ಬೀಸಾಡು ಅದನ್ನ, ನನ್ನ ಮನಿ ಕೂಸು ಅದ ನಿನ್ನ ಹೊಟ್ಯಾಗ!"

ಹುಡುಗಿ ಸೆರಗಿನ ಜೋಳವನ್ನು ಸೊಂಟಕ್ಕೆ ಭದ್ರವಾಗಿ ಗಂಟು ಹಾಕಿಕೊಂಡಳು. ಅಣ್ಣನ ಕೈ ಹಿಡಿದು ಗಾಡಿ ಹತ್ತಿ ಕೂತಳು. ಆಮೇಲೆ ತಲೆಯ ಮೇಲಿನ ಸೆರಗು ಸರಿಸಿ, ಮದುವೆಯಾಗಿ ಬಂದಾಗಿನಿಂದ ಮೊದಲ ಸಲ, ಅತ್ತೆಯ ಮುಖವನ್ನು ನೇರ ನೋಡಿದಳು.

"ಅತ್ತೀ, ಇದನ್ನ ಮಾನ್ವ್ಯಾಗ ನಾನ ಬೀಸ್ತೀನಿ. ಹಾಡೂ ನಾನ ಹಾಡ್ತೀನಿ."